ಮಾರನ ವಿಮಾನದಲ್ಲಿ ಮಾರನಿಗೇ ಸೀಟಿಲ್ಲ

‘ಸೂರರೈ ಪೋಟ್ರು’ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಊರಿನ ಮನೆಯಲ್ಲಿ, ಅಜ್ಜಿಯ ಪಕ್ಕ ಕೂತು. 2020ರ ನವೆಂಬರ್. ಆಫೀಸು ಮುಚ್ಚಿ ಎಂಟು ತಿಂಗಳಾಗಿತ್ತು. ನಾನು ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಒಂದು ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಸಿನಿಮಾ ಥಿಯೇಟರಿಗೆ ಬರದೆ ನೇರ ಅಮೆಜಾನ್ ಪ್ರೈಮಿಗೆ ಬಂತು. ಕನ್ನಡಕ್ಕೆ ಡಬ್ ಆಗಿದ್ದರಿಂದ ಅಜ್ಜಿಗೂ ಅರ್ಥವಾಗುತ್ತಿತ್ತು. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಮನೆಮಂದಿಯೆಲ್ಲ ನೋಡಿದೆವು.

ನಮ್ಮ ಕಡೆಯವರಿಗೆ ಈ ಸಿನಿಮಾದ ಮೇಲೆ ಸ್ವಲ್ಪ ಹೆಚ್ಚಿಗೆ ಅಭಿಮಾನ. ಯಾಕೆಂದರೆ ಅದರ ಮೂಲ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕು, ಅವರ ಆತ್ಮಕತೆ. ಗೊರೂರಿನವರು. ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಜಮೀನು ಮುಳುಗಿ, ಬದಲಿಗೆ ಜಾವಗಲ್ ಹತ್ತಿರ ಸಿಕ್ಕ ಬೀಳುಭೂಮಿಯಲ್ಲಿ ಬೇಸಾಯ ಮಾಡಿದವರು. ಆಮೇಲೆ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿಗೆ ಟಿಕೆಟ್ ಮಾರಿ, ದೇಶವೇ ತಿರುಗಿ ನೋಡುವ ಹಾಗೆ ಮಾಡಿದರು. ಸಿನಿಮಾದಲ್ಲಿ ಗೊರೂರು ಇಲ್ಲ. ನಿರ್ದೇಶಕಿ ಸುಧಾ ಕೊಂಗರ ಕತೆಯನ್ನು ಮಧುರೈ ಸೀಮೆಗೆ ಒಯ್ದಿದ್ದಾರೆ, ಗೋಪಿನಾಥರು ನೆಡುಮಾರನ್ ಆಗಿದ್ದಾರೆ. ಕತೆಯನ್ನು ಬಹಳ ಬದಲಿಸಿದ್ದರೂ ಪುಸ್ತಕದ ಸಾರ ಹಿಡಿದಿದ್ದಾರೆ ಅಂತ ಗೋಪಿನಾಥರೇ ಮೆಚ್ಚಿಕೊಂಡಿದ್ದರು.

ಆ ಸಿನಿಮಾದಲ್ಲಿ ಒಂದು ದೃಶ್ಯ ಇದೆ, ನೋಡಿದವರು ಯಾರೂ ಮರೆತಿರಲಿಕ್ಕಿಲ್ಲ. ವಾಯುಪಡೆಯಲ್ಲಿರುವ ಮಾರನಿಗೆ ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾರೆ ಅಂತ ಸುದ್ದಿ ಬರುತ್ತದೆ. ಏರ್‌ಪೋರ್ಟಿಗೆ ಓಡುತ್ತಾನೆ. ಉಳಿದಿರುವುದು ದುಬಾರಿ ಟಿಕೆಟ್ಟು, ಜೇಬಿನಲ್ಲಿ ಅಷ್ಟು ದುಡ್ಡಿಲ್ಲ. ಅಲ್ಲಿ ಓಡಾಡುವ ಪ್ರಯಾಣಿಕರ ಮುಂದೆ ಕೈಚಾಚಿ ಬೇಡುತ್ತಾನೆ. ಯಾರೂ ಕೊಡುವುದಿಲ್ಲ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೂರ್ಯ ಅವರ ನಟನೆ, ತಾಯಿಯಾಗಿ ಊರ್ವಶಿಯವರ ಆ ಸಿಟ್ಟು ಮತ್ತು ಅಳು, ಇವೆಲ್ಲ ಸೇರಿ ಆ ಹತ್ತು ನಿಮಿಷ ಇಡೀ ಸಿನಿಮಾಗೆ ಬೆನ್ನುಮೂಳೆ ಇದ್ದಂತೆ. ಮುಂದೆ ಅವನು ಏನೇ ಮಾಡಿದರೂ ಆ ಏರ್‌ಪೋರ್ಟಿನ ಅವಮಾನಕ್ಕೆ ಉತ್ತರ ಕೊಡುತ್ತಿದ್ದಾನೆ ಅಂತಲೇ ನಾವು ಓದಿಕೊಳ್ಳುತ್ತೇವೆ.

ಅಜ್ಜಿ ಆ ದೃಶ್ಯದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಷ್ಟೊಂದ್ ಜನ ಅವ್ರಲ್ಲ ಕಣ್ ಮಗ, ಒಬ್ರಿಗಾದ್ರೂ ಕರುಳು ಚುರ್ ಅನ್ಲಿಲ್ವಾ?” ಅಂದಳು.

ಆವತ್ತು ಆಕಾಶದಲ್ಲಿ ವಿಮಾನಗಳೇ ಕಡಿಮೆ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಹಾರಾಟ ಪೂರ್ತಿ ನಿಂತಿತ್ತು. ಮೇ 25ಕ್ಕೆ ಮತ್ತೆ ಶುರುವಾದಾಗಲೂ ಮೂರನೇ ಒಂದು ಭಾಗದಷ್ಟಕ್ಕೆ ಮಾತ್ರ ಅನುಮತಿ. 2019ರಲ್ಲಿ ದೇಶದೊಳಗೆ 14.41 ಕೋಟಿ ಜನ ವಿಮಾನ ಹತ್ತಿದ್ದರು. 2020ರಲ್ಲಿ 6.30 ಕೋಟಿ. ಆ ಸಂಕಟದಲ್ಲಿ ನೋಡಿದ್ದಕ್ಕೋ ಏನೋ, ಸಿನಿಮಾದ ಕೊನೆಯಲ್ಲಿ ಸಾಮಾನ್ಯ ಜನ ವಿಮಾನದಿಂದ ಇಳಿದು ಬರುವಾಗ ನಮ್ಮನೆಯಲ್ಲಿ ಎಲ್ಲರ ಗಂಟಲೂ ಕಟ್ಟಿತ್ತು.

ಎರಡನೇ ಸಲ ಅದೇ ಕತೆ ನೋಡಿದ್ದು 2024ರ ಜುಲೈನಲ್ಲಿ, ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ. ಅದೇ ನಿರ್ದೇಶಕಿ ಅಕ್ಷಯ್ ಕುಮಾರ್ ಅವರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಸರ್ಫಿರಾ’ ಅಂತ ತೆಗೆದರು. ತಮಿಳಿನ ಸಿನಿಮಾಗೆ ಅತ್ಯುತ್ತಮ ಚಿತ್ರ, ನಟ, ನಟಿ ಅಂತ ರಾಷ್ಟ್ರಪ್ರಶಸ್ತಿಗಳು ಬಂದಿದ್ದವು. ಹಿಂದಿಯದು ಓಡಲಿಲ್ಲ. ನಾನು ಹೋದ ದಿನ ಹಾಲಿನಲ್ಲಿ ಇಪ್ಪತ್ತು ಜನ ಇದ್ದಿರಬಹುದು. ಬೇಡುವ ದೃಶ್ಯ ಇಲ್ಲೂ ಇತ್ತು. ಈ ಸಲ ನನಗೆ ಅಳು ಬರಲಿಲ್ಲ, ಮೈ ಮುದುಡಿತು. ಕಾರಣ ಎರಡು. ಒಂದು ನನ್ನ ಕಸುಬು. ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಬೆಲೆ ನಿಗದಿ ಮಾಡುವ ಸಾಫ್ಟ್‌ವೇರಿನಲ್ಲಿ. ನಮ್ಮದು ಹೋಟೆಲ್ ರೂಮು, ವಿಮಾನದ ಸೀಟಲ್ಲ. ಆದರೆ ಲೆಕ್ಕ ಒಂದೇ. 180 ಸೀಟಿನ ವಿಮಾನ ಅಂದರೆ 180 ಸೀಟಿಗೂ ಒಂದೇ ಬೆಲೆ ಅಲ್ಲ. ಸೀಟುಗಳನ್ನು ಗುಂಪು ಗುಂಪಾಗಿ ಮಾಡಿ ಒಂದೊಂದಕ್ಕೆ ಒಂದೊಂದು ದರ ಇಟ್ಟಿರುತ್ತಾರೆ. ಅಗ್ಗದ ಗುಂಪು ಖಾಲಿಯಾದರೆ ಮುಂದಿನದು ತೆರೆಯುತ್ತದೆ. ಎರಡು ತಿಂಗಳು ಮೊದಲೇ ಬುಕ್ ಮಾಡುವವನು ಬೆಲೆ ನೋಡಿ ಮನಸ್ಸು ಬದಲಿಸಬಹುದು, ಅವನಿಗೆ ಕಡಿಮೆ. ನಾಳೆಯೇ ಹೋಗಬೇಕು ಅನ್ನುವವನು ಹೇಗಿದ್ದರೂ ಕೊಡುತ್ತಾನೆ, ಅವನಿಗೆ ಜಾಸ್ತಿ. ಅವನು ಕಂಪನಿ ದುಡ್ಡಿನಲ್ಲಿ ಮೀಟಿಂಗಿಗೆ ಹೊರಟವನು ಅಂತ ಅಂದಾಜು. ಅವನು ಅಪ್ಪನ ಮಣ್ಣಿಗೆ ಹೊರಟಿರಬಹುದು ಅನ್ನುವುದಕ್ಕೆ ಪ್ರೋಗ್ರಾಮಿನಲ್ಲಿ ಜಾಗ ಇಲ್ಲ.

ಈಗ ಆ ಒಂದು ರೂಪಾಯಿ ಟಿಕೆಟ್ ನೋಡಿ. ಅದು ಸುಳ್ಳಲ್ಲ, ನಿಜವಾಗಿಯೂ ಜನ ಕೊಂಡರು, ಹಾರಿದರು. ಆದರೆ ಒಂದು ರೂಪಾಯಿಗೆ ವಿಮಾನ ಹಾರುವುದಿಲ್ಲವಲ್ಲ? ಕೆಲವರಿಗೆ ಒಂದು ರೂಪಾಯಿ ಆಗಬೇಕಾದರೆ ಉಳಿದವರು ಅದನ್ನು ತುಂಬಿಕೊಡಬೇಕು. ತುಂಬಿಕೊಡುವುದರಲ್ಲಿ ಮುಂದೆ ನಿಲ್ಲುವವನು ಕೊನೇ ಗಳಿಗೆಯಲ್ಲಿ ಬರುವವನು. ಸಾವು ಅರವತ್ತು ದಿನ ಮೊದಲೇ ಬುಕ್ ಮಾಡಿ ಬರುವುದಿಲ್ಲ. ಅಂದರೆ ಮಾರ ಕಟ್ಟಿದ ವಿಮಾನ ಕಂಪನಿಗೇ ಇನ್ನೊಬ್ಬ ಮಾರ ಓಡೋಡಿ ಬಂದರೆ, ಅವನ ಜೇಬಿನಲ್ಲೂ ದುಡ್ಡು ಸಾಲುವುದಿಲ್ಲ.

ನನ್ನ ತಕರಾರು ಇಷ್ಟೇ. ಸಿನಿಮಾ ಒಂದು ಗಾಯ ತೋರಿಸುತ್ತದೆ, ಬೇರೆ ಗಾಯಕ್ಕೆ ಔಷಧಿ ಕಟ್ಟುತ್ತದೆ. ಗಾಯ, ತುರ್ತಿನಲ್ಲಿ ಬಂದವನಿಗೆ ಸೀಟು ಸಿಗದಿದ್ದದ್ದು. ಔಷಧಿ, ಪುರುಸೊತ್ತಿನಲ್ಲಿ ಹೊರಟವನಿಗೆ ಅಗ್ಗದ ಟಿಕೆಟ್ಟು. ಎರಡೂ ಒಂದೇ ಅನ್ನಿಸಲಿ ಅಂತ ಪರೇಶ್ ರಾವಲ್ ಅವರನ್ನು ಖಳನಾಯಕನಾಗಿ ನಿಲ್ಲಿಸಿದೆ. ಬಡವರು ವಿಮಾನ ಹತ್ತಬಾರದು ಅನ್ನುವ ಒಬ್ಬ ಶ್ರೀಮಂತ ಇದ್ದಾನೆ, ಅವನು ಸೋತರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿಸುತ್ತದೆ. ಅವನು ಸೋಲುತ್ತಾನೆ, ವಿಮಾನ ಇಳಿಯುತ್ತದೆ, ಸಿನಿಮಾ ಮುಗಿಯುತ್ತದೆ. ನಿಜವಾದ ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಷರ್ ಪಾಲಾಯಿತು, ಕಿಂಗ್‌ಫಿಷರ್ 2012ರಲ್ಲಿ ನಿಂತೇ ಹೋಯಿತು. ಆ ಕತೆಗೆ ಒಬ್ಬ ಖಳನಾಯಕ ಸಾಲುವುದಿಲ್ಲ.

ಹಾಗಂತ ಅಗ್ಗದ ಟಿಕೆಟ್ಟನ್ನು ಹಳಿಯುತ್ತಿಲ್ಲ. ನಮ್ಮಪ್ಪ ಮೊದಲ ಸಲ ವಿಮಾನ ಹತ್ತಿದ್ದು ನಾನು ಮೂರು ತಿಂಗಳು ಮೊದಲೇ ಕೊಂಡ ಟಿಕೆಟ್ಟಿನಲ್ಲಿ. ಆ ಬೋರ್ಡಿಂಗ್ ಪಾಸನ್ನು ಇವತ್ತಿಗೂ ಪಹಣಿ ಪತ್ರದ ಜೊತೆ ಇಟ್ಟುಕೊಂಡಿದ್ದಾರೆ.

ಈಗ ವಿಮಾನಯಾನ ಪೂರ್ತಿ ಚೇತರಿಸಿಕೊಂಡಿದೆ ಅಂತ ಎಲ್ಲ ಕಡೆ ಓದುತ್ತೇವೆ. ಹೌದು. 2023ರಲ್ಲಿ ದೇಶದೊಳಗೆ ಹಾರಿದವರು 15.20 ಕೋಟಿ, ಕೊರೊನಾಕ್ಕಿಂತ ಮೊದಲಿನ ಲೆಕ್ಕ ದಾಟಿಯಾಯಿತು. 2024ರ ನವೆಂಬರ್ 17ರಂದು, ಒಂದೇ ದಿನ 5 ಲಕ್ಷಕ್ಕೂ ಹೆಚ್ಚು ಜನ ಹಾರಿದರು. ಬೆಂಗಳೂರಿನ ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ ಕೆಳಗೆ ಬೆಳಿಗ್ಗೆ ಐದಕ್ಕೇ ಜಾತ್ರೆ. ಆದರೆ ಈ ಲೆಕ್ಕವೂ ಸಿನಿಮಾದ ಲೆಕ್ಕದಂಥದ್ದೇ, ಹತ್ತಿದವರ ತಲೆ ಎಣಿಸುತ್ತದೆ. ಬೆಲೆ ನೋಡಿ ಫೋನ್ ಕೆಳಗಿಟ್ಟವರನ್ನು ಯಾರೂ ಎಣಿಸುವುದಿಲ್ಲ. ಜನ ವಾಪಸ್ ಬಂದಷ್ಟು ಬೇಗ ಸೀಟುಗಳೂ ಬರಲಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತುಹೋಯಿತು. ಎಂಜಿನ್ ತೊಂದರೆಯಿಂದ ಹತ್ತಾರು ವಿಮಾನಗಳು ನೆಲದ ಮೇಲೆ ಕೂತವು. ಸೀಟು ಕಡಿಮೆ, ಜನ ಜಾಸ್ತಿ ಆದಾಗ ನನ್ನಂಥವರು ಬರೆದ ಪ್ರೋಗ್ರಾಮಿಗೆ ಹಬ್ಬ.

ವಿಚಿತ್ರ ಅಂದರೆ, ಮಾರನ ಗಾಯಕ್ಕೆ ಸ್ವಲ್ಪವಾದರೂ ಹತ್ತಿರದ ಔಷಧಿ ಇದ್ದದ್ದು ಕೊರೊನಾ ಕಾಲದಲ್ಲೇ. 2020ರ ಮೇ ತಿಂಗಳಲ್ಲಿ ಸರ್ಕಾರ ದರಕ್ಕೆ ಮೇಲೊಂದು ಕೆಳಗೊಂದು ಮಿತಿ ಹಾಕಿತು. ದೆಹಲಿ-ಮುಂಬೈಗೆ ಆಗ 3,500ಕ್ಕಿಂತ ಕಡಿಮೆ ಇಲ್ಲ, 10,000ಕ್ಕಿಂತ ಹೆಚ್ಚಿಲ್ಲ. 2021ರ ಸೆಪ್ಟೆಂಬರ್ ಹೊತ್ತಿಗೆ ಈ ಮಿತಿ ಬುಕ್ ಮಾಡಿದ ದಿನದಿಂದ ಹದಿನೈದು ದಿನದೊಳಗಿನ ಪ್ರಯಾಣಕ್ಕೆ ಮಾತ್ರ ಉಳಿಯಿತು. ಅಂದರೆ ಅರ್ಜೆಂಟಿನವರು ಬರುವ ಆ ಹದಿನೈದು ದಿನಕ್ಕೇ! ಅದು ದಯೆಯಿಂದ ಮಾಡಿದ್ದಲ್ಲ ಬಿಡಿ. ಕೆಳಗಿನ ಮಿತಿ ಇದ್ದದ್ದು ಕಂಪನಿಗಳು ಮುಳುಗದಿರಲಿ ಅಂತ, ಅದರಿಂದ ಅಗ್ಗದ ಟಿಕೆಟ್ಟೂ ಇಲ್ಲವಾಗಿತ್ತು. 2022ರ ಆಗಸ್ಟ್ 31ಕ್ಕೆ ಎರಡನ್ನೂ ತೆಗೆದರು. ಅದನ್ನೂ ಚೇತರಿಕೆ ಅಂತಲೇ ಕರೆದೆವು.

ಬೇರೆ ದಾರಿಯೇ ಇಲ್ಲ ಅಂತಲ್ಲ. ಏರ್ ಕೆನಡಾದಲ್ಲಿ ಹತ್ತಿರದವರು ತೀರಿಕೊಂಡಾಗ ಹೊರಡುವವರಿಗೆ ರಿಯಾಯಿತಿ ದರ ಇದೆ. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಿದ ಒಬ್ಬರಿಗೆ ಆ ಕಂಪನಿಯ ಚಾಟ್‌ಬಾಟ್ ಈ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅವರಿಗೆ ಪರಿಹಾರ ಕೊಡಬೇಕು ಅಂತ 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಹೇಳಿತು. ಸಾವಿಗೆ ಪ್ರೋಗ್ರಾಮಿನಲ್ಲಿ ಜಾಗ ಮಾಡಬಹುದು. ಮಾಡಬೇಕು ಅನ್ನಿಸಬೇಕು, ಅಷ್ಟೆ.

ಇನ್ನು ಎರಡನೇ ಕಾರಣ. 2023ರ ಡಿಸೆಂಬರಿನಲ್ಲಿ ನಾನು ಆಫೀಸ್ ಕೆಲಸದ ಮೇಲೆ ಗುರುಗ್ರಾಮದಲ್ಲಿದ್ದೆ. ಬೆಳಗಿನ ಜಾವ ಐದೂವರೆಗೆ ಅಪ್ಪನ ಫೋನು. “ಅಜ್ಜಿ ಹೋಗ್ಬುಟ್ರು ಕಣಪ್ಪ. ನೀನ್ ಬರೋಗಂಟ ಇಟ್ಕೊಂಡಿರ್ತೀವಿ, ಎಷ್ಟೊತ್ತಾಯ್ತದೆ ಹೇಳು.” ಆ್ಯಪ್ ತೆಗೆದರೆ ಬೆಂಗಳೂರಿಗೆ 13,800. ಮ್ಯಾನೇಜರಿಗೆ ಮೆಸೇಜ್ ಹಾಕಿ ವಾಪಸ್ ಬಂದರೆ 17,200. ಬೈದುಕೊಂಡೆ, ಕಾರ್ಡಿನಲ್ಲಿ ಕಟ್ಟಿದೆ, ಹೊರಟೆ. ಬೆಂಗಳೂರಿನಿಂದ ಟ್ಯಾಕ್ಸಿ. ಸಂಜೆ ಐದಕ್ಕೆ ಊರಲ್ಲಿದ್ದೆ. ಅಜ್ಜಿಯ ಮುಖ ನೋಡಿದೆ, ಒಂದು ಹಿಡಿ ಮಣ್ಣು ಹಾಕಿದೆ.

ಚಿಕ್ಕಪ್ಪನ ಮಗ ಪುಣೆಯಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕಿದ್ದಾನೆ. ಅಜ್ಜಿ ಅವನನ್ನೂ ನನ್ನ ಹಾಗೇ ಎತ್ತಿ ಆಡಿಸಿದವಳು. ಅವತ್ತು ಬೆಳಿಗ್ಗೆ ಅವನೂ ಫ್ಲೈಟ್ ನೋಡಿದ್ದನಂತೆ. ಹನ್ನೊಂದು ಸಾವಿರ ಇತ್ತಂತೆ. ಅವನ ಸಂಬಳ ಹದಿನೆಂಟು ಸಾವಿರ. ಬಸ್ಸು ಹತ್ತಿದ. ಊರು ಮುಟ್ಟುವಾಗ ಮಾರನೇ ದಿನ ಬೆಳಿಗ್ಗೆ. ಸೀದಾ ತೋಟಕ್ಕೆ ಹೋಗಿ, ಹಸಿ ಮಣ್ಣಿನ ಹತ್ತಿರ ಬ್ಯಾಗು ಇಳಿಸಿ ಕೂತುಬಿಟ್ಟ. ನಾನು ಪಕ್ಕಕ್ಕೆ ಹೋದಾಗ ಅವನೇ ನನಗೆ ಸಮಾಧಾನ ಹೇಳಿದ. “ಇರ್ಲಿ ಬುಡಣ್ಣ, ಹಾಲುತುಪ್ಪಕ್ಕಾದ್ರೂ ಸಿಕ್ಕಿದ್ನಲ್ಲ.”

ಅವತ್ತು ಬೆಳಿಗ್ಗೆ ದೆಹಲಿ ಏರ್‌ಪೋರ್ಟಿನಲ್ಲಿ ನಾನು ಒಂದೂವರೆ ಗಂಟೆ ಸುಮ್ಮನೆ ಕೂತಿದ್ದೆ. ಕಾಫಿ ಕುಡಿದೆ. ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಬಸ್ಸಿಗೆ ಬರ್ತಾ ಇದೀನಿ’ ಅಂತ ಅವನು ಹಾಕಿದ್ದನ್ನು ಓದಿ ಹೆಬ್ಬೆರಳಿನ ಚಿತ್ರ ಒತ್ತಿದೆ. ಅವನ ಟಿಕೆಟ್ ನಾನು ಮಾಡಬಹುದಿತ್ತು, ಎರಡು ನಿಮಿಷದ ಕೆಲಸ. ಹೊಳೆಯಲೇ ಇಲ್ಲ. ಅವನೂ ಕೇಳಲಿಲ್ಲ. ಮಾರನ ಹಾಗೆ ಕೈಚಾಚಿ ಬೇಡುವುದು ಸಿನಿಮಾದಲ್ಲಿ. ನಮ್ಮವರು ಸುಮ್ಮನೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.

ಮಲ್ಟಿಪ್ಲೆಕ್ಸಿನಲ್ಲಿ ಆ ದೃಶ್ಯ ಬಂದಾಗ ನನ್ನ ಕಣ್ಣು ಹೀರೋನ ಮೇಲಿರಲಿಲ್ಲ. ಹಿಂದುಗಡೆ ಟ್ರಾಲಿ ಬ್ಯಾಗು ಎಳೆದುಕೊಂಡು, ಮುಖ ತಿರುಗಿಸಿ ಹೋಗುವ ಪ್ರಯಾಣಿಕರ ಮೇಲಿತ್ತು. ಅಜ್ಜಿ ಕೇಳಿದ್ದು ಅವರ ಬಗ್ಗೆಯೇ ಅಲ್ಲವಾ?