ಸೊಗಡು ಯಾರಿಗೆ?

ಮೈಸೂರು ನೋಡಬಂದವರಿಗೆ ನಾವು ತೋರಿಸುವ ದಾರಿ ಒಂದೇ. ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ. ಸಂಜೆ ಪುರುಸೊತ್ತಿದ್ದರೆ ರಂಗಾಯಣದಲ್ಲೊಂದು ನಾಟಕ. ಅಶೋಕಪುರಂ ಈ ದಾರಿಯಲ್ಲಿ ಸಿಗುವುದಿಲ್ಲ. ಊರಲ್ಲಿ ಕೇರಿ ಎಲ್ಲಿರುತ್ತೋ ನಗರದಲ್ಲೂ ಅಲ್ಲೇ.

ನಮ್ಮ ರಂಗಚರಿತ್ರೆಯೂ ಇದೇ ದಾರಿ ಹಿಡಿದಿದೆ. ಚಾಮರಾಜ ಒಡೆಯರ ಆಶ್ರಯದ ನಾಟಕ ಸಭೆ, ಬಸಪ್ಪ ಶಾಸ್ತ್ರಿಗಳ 'ಶಾಕುಂತಲ', ಆಮೇಲೆ ಕಂಪನಿಗಳು, 1989ರಲ್ಲಿ ಬಿ.ವಿ. ಕಾರಂತರ ರಂಗಾಯಣ. ಸರಿ. ಆದರೆ ಪುರಭವನದ ಮುಂದೆ, ಅಂಬೇಡ್ಕರ್ ಪ್ರತಿಮೆಯ ಬುಡದಲ್ಲಿ ತಮಟೆ ಬಡಿದು ಹಾಡಿದ, ಬೀದಿನಾಟಕ ಆಡಿದ ಹುಡುಗ ಹುಡುಗಿಯರು ಯಾವ ಅಧ್ಯಾಯಕ್ಕೆ ಸೇರುತ್ತಾರೆ? ಅದನ್ನು ಚಳವಳಿ ಅಂತಾರೆ, ರಂಗಭೂಮಿ ಅನ್ನಲ್ಲ. ಬಸವಲಿಂಗಪ್ಪನವರ 'ಬೂಸಾ' ಮಾತು 1973ರಲ್ಲಿ ಹೊರಟದ್ದೂ ಇದೇ ಮೈಸೂರಿನಿಂದ ಎಂಬುದು ನೆನಪಿರಲಿ.

ಒಮ್ಮೆ ನಂಜನಗೂಡು ಕಡೆಯ ನಮ್ಮೂರಿಂದ ಅವ್ವನನ್ನು 'ಕುಸುಮಬಾಲೆ' ನಾಟಕಕ್ಕೆ ಕರಕೊಂಡು ಬಂದಿದ್ದೆ. ಬಸ್ಸಿಳಿದವಳು ಪುರಭವನದ ಮುಂದೆ ನಿಂತು ಬಾಬಾಸಾಹೇಬರಿಗೆ ಕೈಮುಗಿದಳು. ಅರಮನೆಗೆ ಹೋಗೋಣವಾ ಅಂದರೆ, "ಅದ ನೋಡಿವ್ನಿ ಬುಡು" ಅಂದಳು.

ದೇವನೂರ ಮಹಾದೇವರ ಕಾದಂಬರಿ, ಬಸವಲಿಂಗಯ್ಯನವರ ನಿರ್ದೇಶನ, ರಂಗಾಯಣದ ನಟರು. ನಮ್ಮ ಹಟ್ಟಿಯ ಮಾತು ದೀಪದ ಬೆಳಕಿಗೆ ಬಂತಲ್ಲ ಎಂದು ನನ್ನ ಕಣ್ಣು ತುಂಬಿತ್ತು. ಸುತ್ತಲ ಸಾಲುಗಳಲ್ಲಿ ನಗು. ಮಾತು ಮಾತಿಗೂ ನಗು. ಅವ್ವ ಪಿಸುಗುಟ್ಟಿದಳು: "ಅದ್ಯಾಕ್ಲಾ ಮಗಾ ನಗ್ತಾವ್ರೆ? ಇದು ನಗೋ ಮಾತಾ?"

ನಟರ ತಪ್ಪೆನ್ನಲಾರೆ. ಮಹಾದೇವರು ನಗಿಸುತ್ತಾರೆ ಕೂಡ, ನಾವೂ ನಗುತ್ತೇವೆ. ನಾವು ನಗುವ ಜಾಗ ಬೇರೆ, ಅಷ್ಟೆ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ಚೆನ್ನ ಕೊಲೆಯಾಗುತ್ತಾನೆ. ಊರ ಬಾಯಲ್ಲಿ ಅವನು ಬೊಂಬಾಯಿಗೆ ಹೋದವನು. ಕೊಲೆಯನ್ನು ಮುಚ್ಚುವುದೂ ಮಾತೇ, ಅದನ್ನು ಕೆದಕಿ ತೆಗೆಯುವುದೂ ಮಾತೇ. ಅಂಥ ಮಾತನ್ನು ನಮ್ಮ ವಿಮರ್ಶೆ 'ಗ್ರಾಮೀಣ ಸೊಗಡು' ಅಂತ ಹೊಗಳಿ ಕೈತೊಳಕೊಳ್ಳುತ್ತದೆ. ಸೊಗಡು ಹೊರಗಿನವರ ಮೂಗಿಗೆ ಬಡಿಯುವಂಥದ್ದು. ಒಳಗಿದ್ದವರಿಗೆ ಅದು ಬರೀ ಉಸಿರು. ಈ ವಿಮರ್ಶಕರ ಮನೆಮಾತಿಗೆ ಸೊಗಡಿದೆ ಅಂತ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಆ ಪದವನ್ನು ಪಕ್ಕಕ್ಕಿಟ್ಟು, ಈ ನಾಟಕದಲ್ಲಿ ಯಾರು ಏನನ್ನು ಮುಚ್ಚಿಡಲು ಮಾತಾಡುತ್ತಿದ್ದಾರೆ ಎಂದು ಕೇಳಿದ್ದರೆ ನಗು ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲುತ್ತಿತ್ತು.

ಕೊನೇ ಬಸ್ಸು ತಪ್ಪೀತೆಂದು ಅರ್ಧ ಓಡುತ್ತಲೇ ಬಂದೆವು. ಕಿಟಕಿ ಪಕ್ಕ ಕೂತ ಅವ್ವ ಕಡಕೊಳ ದಾಟುವವರೆಗೂ ಸುಮ್ಮನಿದ್ದಳು. ಆಮೇಲೆ ಅಂದಳು: "ನಮ್ಮೂರಲ್ಲೂ ಒಬ್ನ ಬೊಂಬಾಯ್ಗೋದ ಬೊಂಬಾಯ್ಗೋದ ಅಂತಿದ್ರು ಕಲಾ."

ಯಾರವ್ವ ಅಂತ ಕೇಳಿದೆ. ಹೆಸರು ಹೇಳಲಿಲ್ಲ.