ಹರ್ಷಚರಿತದಲ್ಲಿ ಸ್ವದೋಷಕಥನ

ಆಖ್ಯಾಯಿಕೆಯಲ್ಲಿ ನಾಯಕನೇ ತನ್ನ ವೃತ್ತಾಂತವನ್ನು ಹೇಳತಕ್ಕದ್ದು, ಕಥೆಯಲ್ಲಾದರೋ ಅನ್ಯರು ಹೇಳತಕ್ಕದ್ದು ಎಂದು ಭಾಮಹನ ಮತ. ಕುಲೀನನು ತನ್ನ ಗುಣಗಳನ್ನು ತಾನೇ ಪ್ರಕಟಿಸುವುದು ಉಚಿತವಲ್ಲವೆಂದು ಅವನು ಕಾರಣವನ್ನು ಕೊಡುತ್ತಾನೆ. ಇದ್ದುದನ್ನು ಇದ್ದಂತೆ ಹೇಳುವವನಿಗೆ ಸ್ವಗುಣಕಥನವು ದೋಷವಲ್ಲವೆಂದು ದಂಡಿಯು ಈ ಭೇದವನ್ನೇ ಅಲ್ಲಗಳೆದನು. ಇಬ್ಬರ ವಿಚಾರವೂ ಸ್ವಗುಣದಲ್ಲಿಯೇ ನಿಂತಿದೆ. ಕವಿಯು ತನ್ನ ದೋಷವನ್ನೂ ದೈನ್ಯವನ್ನೂ ಹೇಳಿಕೊಂಡರೆ ಕಾವ್ಯಕ್ಕೆ ಏನು ಪ್ರಯೋಜನವೆಂಬ ಪ್ರಶ್ನೆಗೆ ಬಾಣಭಟ್ಟನ ಹರ್ಷಚರಿತವೇ ಉತ್ತರವಾಗಿದೆ.

ಎಂಟು ಉಚ್ಛ್ವಾಸಗಳ ಈ ಗ್ರಂಥದ ಮೊದಲ ಎರಡೂ ಮೂರನೆಯದರ ಆದಿಭಾಗವೂ ಕವಿಯ ವಂಶಕ್ಕೂ ಜೀವನಕ್ಕೂ ಮೀಸಲಾಗಿವೆ. ಬಾಣನು ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡನು. ತಾಯಿಯಂತೆ ಸಲಹಿದ ತಂದೆಯೂ ಅವನ ಸುಮಾರು 14ನೆಯ ವಯಸ್ಸಿನಲ್ಲಿ ಗತಿಸಿದನು. ಬಳಿಕ ಮನೆಯಲ್ಲಿ ಸಿರಿಯೂ ವಿದ್ಯೆಯೂ ಇದ್ದರೂ ದೇಶಾಂತರ ನೋಡುವ ಕುತೂಹಲದಿಂದ ಅಲೆದು ಹಿರಿಯರ ಪರಿಹಾಸಕ್ಕೆ ಗುರಿಯಾದನು. ಅವನ ಸಂಗಡಿಗರಲ್ಲಿ ವಿಷವೈದ್ಯ, ಅಕ್ಕಸಾಲಿಗ, ಜೂಜುಗಾರ, ಐಂದ್ರಜಾಲಿಕರಲ್ಲದೆ, ಪಾರಶವರಾದ ಇಬ್ಬರು ಸೋದರರೂ ಇದ್ದರು. ಶ್ರೋತ್ರಿಯಕುಲದ ಕವಿಯು ಮರೆಮಾಡಬಹುದಾಗಿದ್ದುದನ್ನು ಮರೆಮಾಡಲಿಲ್ಲ.

ಹರ್ಷನ (ಆಳ್ವಿಕೆ ಕ್ರಿ. ಶ. 606–647) ಪ್ರಥಮದರ್ಶನವೂ ಇಂತಹದೇ. ದೊರೆಯು ಪ್ರಸಾದವನ್ನು ತೋರದೆ, ಹಿಂದೆ ಕುಳಿತಿದ್ದ ಮಾಳವರಾಜಪುತ್ರನ ಕಡೆಗೆ ತಿರುಗಿ, ಇವನು ದೊಡ್ಡ ವಿಟನೆಂದನು. ಬಾಣನು ತನ್ನ ಕುಲವನ್ನೂ ವೇದಾಧ್ಯಯನವನ್ನೂ ನೆನಪಿಸಿ ಅಪವಾದವನ್ನು ನಿರಾಕರಿಸಿದನು. ಆದರೂ ಎಳೆಯ ವಯಸ್ಸಿನ ಚಾಪಲ್ಯವನ್ನೊಪ್ಪಿ ಪರಿತಾಪವನ್ನು ತಿಳಿಸಿದನು. ದೊರೆಯು ತಾನು ಹಾಗೆ ಕೇಳಿದ್ದುದಾಗಿ ಮಾತ್ರ ಹೇಳಿ ಸುಮ್ಮನಾದನು.

ರಾಜಚರಿತೆಯಲ್ಲಿ ಇದೆಲ್ಲವೂ ಅಪ್ರಸ್ತುತವೆಂದು ಆಕ್ಷೇಪಿಸಬಹುದು. ಅದು ಸರಿಯಲ್ಲ. ಮೊದಲನೆಯದಾಗಿ, ತನಗಾದ ಅವಮಾನವನ್ನು ಅಳಿಸದೆ ಬರೆದವನು ಅದೇ ದೊರೆಯನ್ನು ಹೊಗಳಿದಾಗ, ಆ ಹೊಗಳಿಕೆಯು ಬರಿಯ ಮುಖಸ್ತುತಿಯಾಗಿ ತೋರುವುದಿಲ್ಲ. ಎರಡನೆಯದಾಗಿ, ಐದನೆಯ ಉಚ್ಛ್ವಾಸದಲ್ಲಿ ಹರ್ಷನು ತಾಯಿಯ ಅಗ್ನಿಪ್ರವೇಶವನ್ನೂ ತಂದೆಯ ಮರಣವನ್ನೂ ಕಾಣುತ್ತಾನೆ. ಮುಂದೆ ಅಣ್ಣನೂ ಹತನಾಗುತ್ತಾನೆ. ಅನಾಥನಾದ ಕವಿಯ ವೃತ್ತಾಂತವನ್ನು ಮೊದಲೇ ಓದಿದ ಸಹೃದಯನ ಚಿತ್ತವು ಅಲ್ಲಿನ ಕರುಣಕ್ಕೆ ಆಗಲೇ ಆರ್ದ್ರವಾಗಿರುತ್ತದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಬಿಲ್ಹಣನೂ ವಿಕ್ರಮಾಂಕದೇವಚರಿತದ 18ನೆಯ ಸರ್ಗದಲ್ಲಿ ಆತ್ಮವೃತ್ತಾಂತವನ್ನು ಹೇಳಿದ್ದಾನೆ. ಅಲ್ಲಿ ವಂಶದ ಮತ್ತು ಪಾಂಡಿತ್ಯದ ಪ್ರಶಂಸೆಯೇ ಹೆಚ್ಚು. ಅದನ್ನೋದಿ ಕವಿಯಲ್ಲಿ ಗೌರವವು ಹುಟ್ಟುತ್ತದೆ. ಆದರೆ ಕಾವ್ಯದ ಕೊನೆಯಲ್ಲಿ ಬರುವ ಆ ಸರ್ಗದಿಂದ ನಾಯಕನ ಸುಖದುಃಖಗಳಿಗೆ ಹೊಸ ಬೆಳಕು ಬೀಳದು.

ಬಾಣನ ಸಂಯಮವೂ ಗಮನಾರ್ಹವಾದುದು. ಗದ್ಯದಲ್ಲಿ ಅವನು ತನ್ನನ್ನು ಬಾಣನೆಂದು ಅನ್ಯಪುರುಷನಂತೆಯೇ ನಿರ್ದೇಶಿಸುತ್ತಾನೆ. ಚಾಪಲ್ಯವನ್ನು ಒಪ್ಪುತ್ತಾನೆಯೇ ಹೊರತು ಅದರ ವಿವರಗಳಿಂದ ಓದುಗನನ್ನು ರಂಜಿಸುವುದಿಲ್ಲ. ಆದಕಾರಣ ಆತ್ಮಕಥನವನ್ನು ಪರೀಕ್ಷಿಸುವವರು ಲೇಖಕನು ಎಷ್ಟು ದೋಷಗಳನ್ನು ಬಿಚ್ಚಿಟ್ಟನೆಂದು ಎಣಿಸುವುದರಿಂದ ಫಲವಿಲ್ಲ. ಅವು ಪ್ರಧಾನಾರ್ಥಕ್ಕೆ ಅಂಗವಾದುವೇ ಎಂದು ನೋಡಬೇಕು. ಅಂಗವಾದಲ್ಲಿ ದೋಷಕಥನವೇ ಕಾವ್ಯದ ಗುಣವಾಗುತ್ತದೆ. ಆಗದಿದ್ದಲ್ಲಿ ಅದೂ ಆತ್ಮಪ್ರಶಂಸೆಯ ಇನ್ನೊಂದು ರೂಪವೇ ಸರಿ.