ಅಡಗಿದ ಲಕ್ಷಣ, ಉಳಿಯದ ಜೀವ

ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಕಾಣುವ ಅಕಾಲಿಕ ಬಡಿತಗಳನ್ನು ಮರಣದ ಮುನ್ಸೂಚನೆಯೆಂದು ಬಗೆದು ವೈದ್ಯರು ಔಷಧದಿಂದ ಅಡಗಿಸುತ್ತಿದ್ದರು. ಅಮೆರಿಕದ ‘ಕಾಸ್ಟ್’ ಪ್ರಯೋಗವು ಈ ರೂಢಿಯನ್ನೇ ಪರೀಕ್ಷೆಗೊಡ್ಡಿತು. ಔಷಧಕ್ಕೆ ಬಡಿತ ಮಣಿದವರನ್ನೇ ಅದಕ್ಕೆ ಆರಿಸಲಾಗಿತ್ತು. ಆದರೂ 1991ರ ವರದಿಯಂತೆ, ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಪಡೆದ 755 ರೋಗಿಗಳಲ್ಲಿ 63 ಮಂದಿ ಮೃತರಾದರು. ಔಷಧಾಂಶವಿಲ್ಲದ ಹುಸಿಗುಳಿಗೆ ಪಡೆದ 743 ರೋಗಿಗಳಲ್ಲಿ 26 ಮಂದಿ.

ಹುಸಿಗುಳಿಗೆ ನೀಡುವುದು ನಿಷ್ಕರುಣೆಯೆಂಬ ಆಕ್ಷೇಪ ಸಹಜ. ಆ ಹೋಲಿಕೆ ಇಲ್ಲದಿದ್ದರೆ ಪ್ರತಿಯೊಂದು ಸಾವೂ ರೋಗದ ಲೆಕ್ಕಕ್ಕೇ ಸೇರುತ್ತಿತ್ತು, ಔಷಧದ ಮೇಲೆ ಸಂಶಯವೇ ಮೂಡುತ್ತಿರಲಿಲ್ಲ. ನಿರೀಕ್ಷೆಗೆ ವಿರುದ್ಧವಾದ ಈ ಫಲವನ್ನು ಮರೆಮಾಚದೆ ಪ್ರಕಟಿಸಿದುದೇ ವರದಿಯ ಹಿರಿಮೆ. ಲಕ್ಷಣದ ಶಮನವನ್ನೇ ಆರೋಗ್ಯವೆಂದು ಪರೀಕ್ಷಿಸದೆ ನಂಬುವುದು ಪ್ರಮಾದ. ಪ್ರಮಾದವಿದ್ದಲ್ಲಿ ದಯೆಯಿಂದ ಕೊಟ್ಟ ಔಷಧವೂ ಹಿಂಸೆಗೆ ಕಾರಣವಾದೀತು.